ಫೆಬ್ರವರಿ 14ರಂದು ಭಗತ್ ಸಿಂಗ್‌ಗೆ ಗಲ್ಲು? ಈ ಸಲ ತರಗತಿಯಲ್ಲಿ ಮಕ್ಕಳೇ ಪತ್ತೆ ಹಚ್ಚಲಿ

ಫೆಬ್ರವರಿ ಎರಡನೇ ವಾರ ಬಂತೆಂದರೆ ನಮಗೆ ಓದುಗರಿಂದ ಒಂದು ಸಂದೇಶ ತಪ್ಪದೇ ಬರುತ್ತದೆ. ಒಕ್ಕಣೆ ವರ್ಷದಿಂದ ವರ್ಷಕ್ಕೆ ಸ್ವಲ್ಪ ಬದಲಾಗುತ್ತದೆ, ತಿರುಳು ಮಾತ್ರ ಅದೇ. ಫೆಬ್ರವರಿ 14ರಂದು ಭಗತ್ ಸಿಂಗ್, ರಾಜಗುರು, ಸುಖದೇವ್ ಮೂವರನ್ನೂ ಗಲ್ಲಿಗೇರಿಸಲಾಯಿತು. ನಾವು ಅದನ್ನು ಮರೆತು ಪ್ರೇಮಿಗಳ ದಿನ ಆಚರಿಸುತ್ತಿದ್ದೇವೆ. ನಿಮ್ಮಲ್ಲಿ ದೇಶಪ್ರೇಮ ಇದ್ದರೆ ಎಲ್ಲರಿಗೂ ಕಳಿಸಿ. ಕೆಳಗೆ ಮೂರು ರಾಷ್ಟ್ರಧ್ವಜ, ಎರಡು ಕೈಮುಗಿಯುವ ಇಮೋಜಿ. "ಇದು ನಿಜವೇ?" ಎಂದು ಕೇಳಿ ಕಳಿಸುವವರು ಕೆಲವರು. ಕೇಳದೇ ಫ್ಯಾಮಿಲಿ ಗ್ರೂಪಿಗೆ ಹಾಕುವವರು ಹೆಚ್ಚು.

ಉತ್ತರ ಚಿಕ್ಕದು. ಇದು ನಿಜವಲ್ಲ. ಮೂವರನ್ನೂ ಗಲ್ಲಿಗೇರಿಸಿದ್ದು 1931ರ ಮಾರ್ಚ್ 23ರ ಸಂಜೆ, ಲಾಹೋರ್ ಸೆಂಟ್ರಲ್ ಜೈಲಿನಲ್ಲಿ. ಆ ದಿನವನ್ನೇ ದೇಶ ಹುತಾತ್ಮರ ದಿನವಾಗಿ ನೆನೆಯುತ್ತದೆ.

ಇಷ್ಟನ್ನು ಎಷ್ಟೋ ಜನ ಎಷ್ಟೋ ಸಲ ಬರೆದಾಗಿದೆ. ಆದರೂ ಮುಂದಿನ ವರ್ಷ ಸಂದೇಶ ಮತ್ತೆ ಬರುತ್ತದೆ. ಹಾಗಾಗಿ ಈ ಸಲ ಇನ್ನೊಂದು "ಸುಳ್ಳು" ಎಂಬ ಮುದ್ರೆ ಒತ್ತಿ ಸುಮ್ಮನಾಗುವ ಬದಲು, ಹೈಸ್ಕೂಲ್ ಮಕ್ಕಳು ಎರಡು ಪೀರಿಯಡ್‌ನಲ್ಲಿ ಮಾಡಬಹುದಾದ ಒಂದು ಚಟುವಟಿಕೆಯನ್ನು ಇಲ್ಲಿ ವಿವರಿಸುತ್ತಿದ್ದೇವೆ. ಸಮಾಜ ವಿಜ್ಞಾನದ ಶಿಕ್ಷಕರಿಗೆ ಇದು ಹೆಚ್ಚು ಒಗ್ಗುತ್ತದೆ. ಮನೆಯಲ್ಲಿ ಅಪ್ಪ ಅಮ್ಮನೂ ಮಾಡಿಸಬಹುದು.

ಏನೇನು ಬೇಕು?

ಇಂಟರ್ನೆಟ್ ಇರುವ ಒಂದು ಫೋನ್ ಸಾಕು, ಅದು ಶಿಕ್ಷಕರ ಕೈಯಲ್ಲೇ ಇರಲಿ. ಕಂಪ್ಯೂಟರ್ ಲ್ಯಾಬ್ ಇದ್ದರೆ ಇನ್ನೂ ಒಳ್ಳೆಯದು. ಜೊತೆಗೆ ಒಂದು ಉದ್ದನೆಯ ದಾರ, ಬಟ್ಟೆ ಒಣಹಾಕುವ ಕ್ಲಿಪ್ಪುಗಳು, ಕಾಗದದ ಚೀಟಿಗಳು.

ಕೆಲವು ಶಿಕ್ಷಕರಿಗೆ ಒಂದು ಅಳುಕಿರುತ್ತದೆ. "ಪ್ರೇಮಿಗಳ ದಿನ" ಎಂದ ಕೂಡಲೇ ಮಕ್ಕಳು ಮುಸಿಮುಸಿ ನಗುತ್ತಾರೆ, ಪೋಷಕರು ಬಂದು ಕೇಳಬಹುದು. ಅದಕ್ಕೇ ಇಲ್ಲಿ ಯಾರಿಗೆ ಯಾರು ಇಷ್ಟ ಎಂಬ ಮಾತೇ ಬರುವುದಿಲ್ಲ. ಆ ದಿನ ಸರಿಯೋ ತಪ್ಪೋ ಎಂಬ ಚರ್ಚೆಯೂ ಇಲ್ಲ. ಕೇಳುವುದು ಒಂದೇ ಪ್ರಶ್ನೆ: ಈ ದಿನದ ಬಗ್ಗೆ ಫೋನಿಗೆ ಬಂದ ಮಾತು ನಿಜವೇ, ಅದಕ್ಕೆ ದಾಖಲೆ ಎಲ್ಲಿದೆ?

ಮೊದಲ ಪೀರಿಯಡ್: ನಾಲ್ಕು ಚೀಟಿ, ಮೂರು ಗುಂಪು

ಬೋರ್ಡಿನ ಮೇಲೆ "ನಿಜ", "ಸುಳ್ಳು", "ಗೊತ್ತಿಲ್ಲ" ಎಂದು ಮೂರು ಕಾಲಂ ಬರೆಯಿರಿ. ಆಮೇಲೆ ಈ ನಾಲ್ಕು ಚೀಟಿಗಳನ್ನು ಒಂದೊಂದಾಗಿ ಓದಿ.

ಚೀಟಿ 1: ಭಗತ್ ಸಿಂಗ್ ಮತ್ತು ಸಂಗಾತಿಗಳನ್ನು ಫೆಬ್ರವರಿ 14ರಂದು ಗಲ್ಲಿಗೇರಿಸಲಾಯಿತು.

ಚೀಟಿ 2: ರೋಮ್ ಚಕ್ರವರ್ತಿ ಸೈನಿಕರ ಮದುವೆಯನ್ನು ನಿಷೇಧಿಸಿದಾಗ ಗುಟ್ಟಾಗಿ ಮದುವೆ ಮಾಡಿಸಿ ಪ್ರಾಣ ತೆತ್ತ ಪಾದ್ರಿಯೇ ಸಂತ ವ್ಯಾಲೆಂಟೈನ್.

ಚೀಟಿ 3: ಫೆಬ್ರವರಿ 14ರಂದು ಹಸುವನ್ನು ಅಪ್ಪಿಕೊಳ್ಳಿ ಎಂದು ಕೇಂದ್ರ ಸರ್ಕಾರದ ಮಂಡಳಿಯೊಂದು ಕರೆ ಕೊಟ್ಟಿತ್ತು.

ಚೀಟಿ 4: ಫೆಬ್ರವರಿ 14ರಂದು 40 ಸಿಆರ್‌ಪಿಎಫ್ ಯೋಧರು ಭಯೋತ್ಪಾದಕ ದಾಳಿಯಲ್ಲಿ ಪ್ರಾಣ ಕಳೆದುಕೊಂಡರು.

ಪ್ರತಿ ಚೀಟಿಗೂ ಮಕ್ಕಳು ಕೈ ಎತ್ತಿ ಮತ ಹಾಕಲಿ. ಎಷ್ಟು ಕೈ ಎಂದು ಕಾಲಂನಲ್ಲಿ ಬರೆದಿಡಿ. ಯಾರು ಸರಿ, ಯಾರು ತಪ್ಪು ಎಂದು ಆಗಲೇ ಹೇಳಬೇಡಿ. "ಗೊತ್ತಿಲ್ಲ" ಎಂದವರನ್ನು ಮೊದಲು ಮೆಚ್ಚಿಕೊಳ್ಳಿ. ಗೊತ್ತಿಲ್ಲ ಎಂದು ಒಪ್ಪಿಕೊಂಡವರು ಹುಡುಕಲು ಹೊರಡುತ್ತಾರೆ. ಗೊತ್ತು ಅಂದುಕೊಂಡವರು ಫಾರ್ವರ್ಡ್ ಮಾಡುತ್ತಾರೆ.

ಈಗ ತರಗತಿಯನ್ನು ನಾಲ್ಕು ತಂಡ ಮಾಡಿ, ಒಂದೊಂದು ತಂಡಕ್ಕೆ ಒಂದೊಂದು ಚೀಟಿ ಕೊಡಿ.

ಚೀಟಿ 1: ದಾರಕ್ಕೆ ದಿನಾಂಕ ಕಟ್ಟುವುದು

ಇಲ್ಲಿ ಮಕ್ಕಳು ಮಾಡುವ ಮೊದಲ ತಪ್ಪು ಒಂದಿದೆ. ಫಾರ್ವರ್ಡ್‌ನ ಸಾಲನ್ನೇ ಹಾಗೇ ಗೂಗಲ್‌ಗೆ ಹಾಕುತ್ತಾರೆ. "ಫೆಬ್ರವರಿ 14 ಭಗತ್ ಸಿಂಗ್ ಗಲ್ಲು" ಎಂದು ಹುಡುಕಿದರೆ ಅದೇ ಫಾರ್ವರ್ಡ್‌ನ ನಕಲುಗಳೂ ಎದುರಾಗುತ್ತವೆ. ಬೇರೆ ಬೇರೆ ಕಡೆ ಇದೆಯಲ್ಲ, ಹಾಗಾದರೆ ನಿಜವೇ ಇರಬೇಕು ಅನಿಸುತ್ತದೆ. ಅದರ ಬದಲು ದಿನಾಂಕ ಬಿಟ್ಟು ಹುಡುಕಬೇಕು: "ಭಗತ್ ಸಿಂಗ್ ಗಲ್ಲು ಯಾವಾಗ". ಪ್ರಶ್ನೆಯೊಳಗೇ ಉತ್ತರವನ್ನು ತುರುಕಬಾರದು.

ಎರಡನೆಯದು ಹಳೆಯ ಪತ್ರಿಕೆಗಳು. ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ "ಟ್ರೋವ್" ಎಂಬ ಜಾಲತಾಣದಲ್ಲಿ ಆ ದೇಶದ ಹಳೆಯ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಉಚಿತವಾಗಿ ಇಟ್ಟಿದ್ದಾರೆ. ಅಲ್ಲಿ ಭಗತ್ ಸಿಂಗ್ ಹೆಸರನ್ನು ಇಂಗ್ಲಿಷಿನಲ್ಲಿ ಹಾಕಿ, ವರ್ಷವನ್ನು 1931ಕ್ಕೆ ಸೀಮಿತಗೊಳಿಸಿ ನೋಡಿ. ಗಲ್ಲಿನ ಸುದ್ದಿ ಮಾರ್ಚ್ ಕೊನೆಯ ವಾರದ ಪತ್ರಿಕೆಗಳಲ್ಲಿದೆ. ಆಗ ಒಂದು ಮಗುವಾದರೂ ಕೇಳುತ್ತದೆ, "ಸರ್, ಪೇಪರ್‌ನಲ್ಲಿ 24, 25 ಅಂತ ಇದೆಯಲ್ಲ?" ಒಳ್ಳೆಯ ಪ್ರಶ್ನೆ. ಸಂಜೆ ನಡೆದದ್ದು ಮರುದಿನವೋ ಅದರ ಮರುದಿನವೋ ಅಚ್ಚಾಗುತ್ತದೆ. ಪತ್ರಿಕೆಯ ದಿನಾಂಕ ಬೇರೆ, ಘಟನೆಯ ದಿನಾಂಕ ಬೇರೆ ಎಂಬುದೂ ಅಲ್ಲೇ ಗೊತ್ತಾಗುತ್ತದೆ. ನಮ್ಮ ರಾಷ್ಟ್ರೀಯ ಪತ್ರಾಗಾರದ "ಅಭಿಲೇಖ್ ಪಟಲ್" ತಾಣದಲ್ಲೂ ಬ್ರಿಟಿಷ್ ಕಾಲದ ಸರ್ಕಾರಿ ಕಡತಗಳನ್ನು ಹುಡುಕಬಹುದು.

ಈಗ ದಾರ ತೆಗೆಯಿರಿ. ಗೋಡೆಯಿಂದ ಗೋಡೆಗೆ ಕಟ್ಟಿ, ಕಾಗದದ ಮೇಲೆ ದಿನಾಂಕ ಬರೆದು ಕ್ಲಿಪ್ ಹಾಕುತ್ತಾ ಹೋಗಿ.

1928 ಡಿಸೆಂಬರ್ 17: ಲಾಹೋರ್‌ನಲ್ಲಿ ಪೊಲೀಸ್ ಅಧಿಕಾರಿ ಸ್ಯಾಂಡರ್ಸ್ ಹತ್ಯೆ.
1929 ಏಪ್ರಿಲ್ 8: ದೆಹಲಿಯ ಕೇಂದ್ರ ಅಸೆಂಬ್ಲಿಯಲ್ಲಿ ಭಗತ್ ಸಿಂಗ್ ಮತ್ತು ಬಟುಕೇಶ್ವರ ದತ್ತ ಬಾಂಬ್ ಎಸೆದು, ಓಡಿಹೋಗದೆ ಸೆರೆಯಾದರು.
1930 ಅಕ್ಟೋಬರ್ 7: ಲಾಹೋರ್ ಪಿತೂರಿ ಪ್ರಕರಣದಲ್ಲಿ ವಿಶೇಷ ನ್ಯಾಯಮಂಡಳಿಯಿಂದ ಮೂವರಿಗೂ ಗಲ್ಲು ಶಿಕ್ಷೆ.
1931 ಫೆಬ್ರವರಿ 14: ಶಿಕ್ಷೆ ಕಡಿಮೆ ಮಾಡುವಂತೆ ವೈಸರಾಯ್ ಇರ್ವಿನ್‌ಗೆ ಮದನ ಮೋಹನ ಮಾಲವೀಯರ ಮನವಿ.
1931 ಮಾರ್ಚ್ 23: ಗಲ್ಲು.

ನಾಲ್ಕನೆಯ ಕಾಗದವನ್ನು ನೋಡಿದ ಕೂಡಲೇ ಮಕ್ಕಳ ಕಿವಿ ನೆಟ್ಟಗಾಗುತ್ತದೆ. ಫೆಬ್ರವರಿ 14 ಎಂಬ ದಿನಾಂಕ ಈ ಕತೆಯಲ್ಲಿ ನಿಜವಾಗಿಯೂ ಇದೆ! ಆದರೆ ಅದು ಅವರನ್ನು ಕೊಂದ ದಿನವಲ್ಲ, ಉಳಿಸಿಕೊಳ್ಳಲು ಒಬ್ಬರು ಮೊರೆಯಿಟ್ಟ ದಿನ. ಆಮೇಲೆ ಇನ್ನೂ 37 ದಿನ ಅವರು ಜೈಲಿನಲ್ಲಿ ಬದುಕಿದ್ದರು. ಫಾರ್ವರ್ಡ್ ಆ 37 ದಿನಗಳನ್ನು ಅಳಿಸಿಹಾಕುತ್ತದೆ. ಗಲ್ಲಿಗೇರಿದಾಗ ಭಗತ್ ಸಿಂಗ್‌ಗೆ 23 ವರ್ಷ. ಅಷ್ಟು ಚಿಕ್ಕ ಬದುಕಿನಲ್ಲಿ 37 ದಿನ ಸಣ್ಣದಲ್ಲ.

ಈ ಫಾರ್ವರ್ಡ್‌ನ ಇನ್ನೊಂದು ರೂಪದಲ್ಲಿ "ಫೆಬ್ರವರಿ 14ರಂದು ಗಲ್ಲು ಶಿಕ್ಷೆ ಘೋಷಣೆಯಾಯಿತು" ಎಂದಿರುತ್ತದೆ. ದಾರವನ್ನೇ ನೋಡಿದರೆ ಅದಕ್ಕೂ ಉತ್ತರ ಸಿಗುತ್ತದೆ: ತೀರ್ಪು ಬಂದದ್ದು ಅಕ್ಟೋಬರ್ 7ಕ್ಕೆ.

ದಾರದ ಮೇಲಿನದನ್ನು ಫೋನಿನಲ್ಲೂ ತೋರಿಸಬೇಕೆಂದರೆ "ಟೈಮ್‌ಲೈನ್ ಜೆಎಸ್" ಎಂಬ ಉಚಿತ ಸಾಧನವಿದೆ. ಗೂಗಲ್ ಶೀಟ್‌ನಲ್ಲಿ ದಿನಾಂಕ, ಘಟನೆ, ಚಿತ್ರ ತುಂಬಿದರೆ ಅದೇ ಕಾಲರೇಖೆ ಮಾಡಿಕೊಡುತ್ತದೆ. ಕನ್ನಡದಲ್ಲೇ ತುಂಬಬಹುದು.

ಚೀಟಿ 2: ಹೊಗಳುವ ಫಾರ್ವರ್ಡ್‌ಗೂ ಅದೇ ಅಳತೆ

ಮೊದಲ ಚೀಟಿ ಪ್ರೇಮಿಗಳ ದಿನವನ್ನು ಬೈಯುವ ಫಾರ್ವರ್ಡ್. ಇದು ಹೊಗಳುವ ಫಾರ್ವರ್ಡ್. ಒಂದನ್ನು ಮಾತ್ರ ಪರೀಕ್ಷೆ ಮಾಡಿ ಇನ್ನೊಂದನ್ನು ಬಿಟ್ಟರೆ ಮಕ್ಕಳಿಗೆ ತಪ್ಪು ಪಾಠ ಹೋಗುತ್ತದೆ.

ಮೂರನೇ ಶತಮಾನದಲ್ಲಿ ಹತರಾದ ವ್ಯಾಲೆಂಟೈನ್ ಎಂಬ ಹೆಸರಿನ ಒಬ್ಬರಿಗಿಂತ ಹೆಚ್ಚು ಜನರ ಕತೆಗಳು ಕ್ರೈಸ್ತ ಪರಂಪರೆಯಲ್ಲಿವೆ. ಒಬ್ಬರು ರೋಮಿನ ಪಾದ್ರಿ, ಇನ್ನೊಬ್ಬರು ಟೆರ್ನಿ ಎಂಬ ಊರಿನ ಬಿಷಪ್. ಇಬ್ಬರೂ ಒಬ್ಬರೇ ಇರಬಹುದು ಎನ್ನುವವರೂ ಇದ್ದಾರೆ. ಎರಡನೇ ಕ್ಲಾಡಿಯಸ್ ಎಂಬ ಚಕ್ರವರ್ತಿ ಸೈನಿಕರ ಮದುವೆ ನಿಷೇಧಿಸಿದ್ದಕ್ಕೆ ಆ ಕಾಲದ ದಾಖಲೆಯಿಲ್ಲ. ಗುಟ್ಟಾಗಿ ಮದುವೆ ಮಾಡಿಸಿದ ಕತೆ ಶತಮಾನಗಳ ನಂತರ ಸೇರಿಕೊಂಡದ್ದು. ಸಂತರ ಬಗ್ಗೆ ಖಚಿತವಾಗಿ ತಿಳಿದಿರುವುದು ತೀರಾ ಕಡಿಮೆ ಎಂಬ ಕಾರಣಕ್ಕೇ ಕ್ಯಾಥೊಲಿಕ್ ಚರ್ಚ್ 1969ರಲ್ಲಿ ತನ್ನ ಸಾಮಾನ್ಯ ಪಂಚಾಂಗದಿಂದ ಈ ಹಬ್ಬವನ್ನು ಕೈಬಿಟ್ಟಿತು.

ಹಾಗಾದರೆ ಪ್ರೀತಿಗೂ ಈ ದಿನಕ್ಕೂ ನಂಟು ಬಂದದ್ದು ಎಲ್ಲಿಂದ? ನಮಗೆ ಸಿಗುವ ಹಳೆಯ ಸುಳಿವು 14ನೇ ಶತಮಾನದ ಕೊನೆಯ ಭಾಗದ್ದು. ಇಂಗ್ಲಿಷ್ ಕವಿ ಚಾಸರ್ ತನ್ನ ಒಂದು ಕಾವ್ಯದಲ್ಲಿ, ವ್ಯಾಲೆಂಟೈನ್ ದಿನ ಹಕ್ಕಿಗಳು ಸಭೆ ಸೇರಿ ಜೋಡಿ ಆರಿಸಿಕೊಳ್ಳುತ್ತವೆ ಎಂದು ಕಲ್ಪಿಸಿದ. ಅಂದರೆ ಪಾದ್ರಿ ಸತ್ತನೆಂದು ಹೇಳುವ ಕಾಲಕ್ಕೂ ಪ್ರೀತಿಯ ನಂಟು ಬರಹದಲ್ಲಿ ಕಾಣಿಸಿಕೊಂಡ ಕಾಲಕ್ಕೂ ಸಾವಿರ ವರ್ಷಕ್ಕಿಂತ ಹೆಚ್ಚಿನ ಅಂತರವಿದೆ. ಈ ತಂಡವೂ ಇನ್ನೊಂದು ದಾರ ಕಟ್ಟಿ, ನಡುವೆ ಎಷ್ಟು ಜಾಗ ಖಾಲಿ ಬಿಡಬೇಕಾಗುತ್ತದೆ ಎಂದು ತೋರಿಸಲಿ. ಆ ಖಾಲಿ ಜಾಗವೇ ಉತ್ತರ.

ಚೀಟಿ 3: ತಮಾಷೆಯಂತೆ ಕಂಡರೂ ನಿಜ, ಆದರೆ ಅವಧಿ ಮುಗಿದದ್ದು

ಹಸು ಅಪ್ಪಿಕೊಳ್ಳುವ ದಿನ ಎಂದರೆ ಯಾರೋ ತಮಾಷೆಗೆ ಮಾಡಿದ ಮೀಮ್ ಅನಿಸಬಹುದು. ಮತ ಹಾಕುವಾಗ "ಸುಳ್ಳು" ಕಡೆ ಕೈ ಎತ್ತುವ ಮಕ್ಕಳಿಗೆ ಇದೊಂದು ಒಳ್ಳೆಯ ಆಘಾತ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2023ರ ಫೆಬ್ರವರಿ 6ರಂದು ಇಂಥ ಮನವಿಯನ್ನು ನಿಜಕ್ಕೂ ಹೊರಡಿಸಿತ್ತು. ನಾಲ್ಕೇ ದಿನಕ್ಕೆ, ಫೆಬ್ರವರಿ 10ರಂದು, ಹಿಂತೆಗೆದುಕೊಂಡಿತು.

ಆ ಪತ್ರದ ಫೋಟೋ ಇವತ್ತು ಯಾರಾದರೂ ಕಳಿಸಿದರೆ? ಪತ್ರ ಅಸಲಿ, ಮೊಹರು ಅಸಲಿ, ಸುದ್ದಿ ಮಾತ್ರ ಹಳಸಿದ್ದು. ರಜೆ ಘೋಷಣೆ, ಪರೀಕ್ಷೆ ಮುಂದೂಡಿಕೆ, ಚಂಡಮಾರುತದ ಎಚ್ಚರಿಕೆ ಎಲ್ಲಕ್ಕೂ ಇದೇ ತಾಪತ್ರಯ. ಸರ್ಕಾರಿ ಪತ್ರದ ಫೋಟೋ ಬಂದರೆ ಮಕ್ಕಳು ಮೂರು ಕಡೆ ಕಣ್ಣಾಡಿಸಲಿ: ಹೊರಡಿಸಿದ ಕಚೇರಿ ಯಾವುದು, ದಿನಾಂಕ ಮತ್ತು ವರ್ಷ ಯಾವುದು, ಆಮೇಲೆ ಅದನ್ನು ಹಿಂಪಡೆದಿದ್ದಾರೆಯೇ. ಜಾಲತಾಣದಿಂದ ಅಳಿಸಿಹೋದ ಪುಟಗಳ ಹಳೆಯ ಪ್ರತಿ "ವೇಬ್ಯಾಕ್ ಮಷೀನ್" ಎಂಬ ಉಚಿತ ತಾಣದಲ್ಲಿ ಹಲವು ಸಲ ಸಿಗುತ್ತದೆ. ಪುಟದ ವಿಳಾಸ ಹಾಕಿದರೆ ಯಾವ್ಯಾವ ದಿನ ಅದು ಹೇಗಿತ್ತು ಎಂದು ಕ್ಯಾಲೆಂಡರ್‌ನಲ್ಲಿ ತೋರಿಸುತ್ತದೆ.

ಚೀಟಿ 4: ಈ ದಿನಕ್ಕೆ ತನ್ನದೇ ಆದ ದುಃಖವಿದೆ

ಇದು ನಿಜ. 2019ರ ಫೆಬ್ರವರಿ 14ರಂದು ಕಾಶ್ಮೀರದ ಪುಲ್ವಾಮಾ ಜಿಲ್ಲೆಯಲ್ಲಿ, ಜಮ್ಮು-ಶ್ರೀನಗರ ಹೆದ್ದಾರಿಯಲ್ಲಿ ಸಾಗುತ್ತಿದ್ದ ಸಿಆರ್‌ಪಿಎಫ್ ವಾಹನಗಳ ಸಾಲಿನ ಮೇಲೆ ಆತ್ಮಾಹುತಿ ದಾಳಿ ನಡೆದು 40 ಯೋಧರು ಹುತಾತ್ಮರಾದರು. ಅವರಲ್ಲಿ ನಮ್ಮ ಮಂಡ್ಯ ಜಿಲ್ಲೆಯವರೂ ಒಬ್ಬರಿದ್ದರು.

ಈ ಚೀಟಿಯನ್ನು ಕೊನೆಗೆ ಇಟ್ಟದ್ದಕ್ಕೆ ಕಾರಣವಿದೆ. ಮೂರು ಚೀಟಿ ಆದಮೇಲೆ ಮಕ್ಕಳಿಗೆ ಎಲ್ಲವೂ ಸುಳ್ಳೇ ಎಂಬ ಚಾಳಿ ಅಂಟಿಕೊಳ್ಳಬಹುದು. ಎಲ್ಲವನ್ನೂ ನಂಬುವುದು ಎಷ್ಟು ಸುಲಭವೋ ಯಾವುದನ್ನೂ ನಂಬದಿರುವುದೂ ಅಷ್ಟೇ ಸುಲಭ. ಎರಡರಲ್ಲೂ ಹುಡುಕುವ ಕೆಲಸ ತಪ್ಪುತ್ತದೆ. ದಾಖಲೆ ಇದ್ದಾಗ "ಹೌದು" ಎನ್ನಲು ಕಲಿಯುವುದೂ ಈ ಪಾಠದ ಭಾಗ.

ಘಟನೆ ನಿಜವಾದರೂ ಅದರ ಹೆಸರಿನಲ್ಲಿ ಬರುವ ಚಿತ್ರ ನಿಜವೇ ಎಂಬುದು ಬೇರೆ ಪ್ರಶ್ನೆ. ಫೋಟೋ ಪರೀಕ್ಷೆಗೆ "ಗೂಗಲ್ ಲೆನ್ಸ್" ಬಳಸಿ. ಆದರೆ ಯೋಧರ ಶವದ ಚಿತ್ರಗಳನ್ನು ತರಗತಿಗೆ ತರಬೇಡಿ. ಅಭ್ಯಾಸಕ್ಕೆ ಹ್ಯಾಟ್ ಧರಿಸಿದ ಭಗತ್ ಸಿಂಗ್ ಚಿತ್ರ ಸಾಕು. ಅದು 1929ರ ಏಪ್ರಿಲ್‌ನಲ್ಲಿ, ಅಸೆಂಬ್ಲಿ ಬಾಂಬ್ ಪ್ರಕರಣಕ್ಕೆ ಕೆಲವೇ ದಿನ ಮೊದಲು ದೆಹಲಿಯ ಸ್ಟುಡಿಯೋ ಒಂದರಲ್ಲಿ ತೆಗೆದ ಕಪ್ಪು-ಬಿಳುಪು ಫೋಟೋ. ಬಣ್ಣ ತುಂಬಿದ, ಪೇಟ ತೊಡಿಸಿದ, ಕೈಗೆ ಪಿಸ್ತೂಲು ಕೊಟ್ಟ ಚಿತ್ರಗಳನ್ನು ಲೆನ್ಸ್‌ನಲ್ಲಿ ಹುಡುಕಿ, ಯಾವುದು ಫೋಟೋ, ಯಾವುದು ಕಲಾವಿದರ ಕಲ್ಪನೆ ಎಂದು ಮಕ್ಕಳು ಬೇರ್ಪಡಿಸಲಿ.

ಮನೆಗೆಲಸ: ಅಜ್ಜಿ ತಾತನ ಲಗ್ನಪತ್ರಿಕೆ

ಎರಡು ಪೀರಿಯಡ್‌ಗಳ ನಡುವೆ ಒಂದು ಮನೆಗೆಲಸ. ಮನೆಯ ಮೂವರನ್ನು ಬೇರೆ ಬೇರೆಯಾಗಿ ಕೇಳಿ: ಅಜ್ಜಿ ತಾತನ ಮದುವೆ ಯಾವ ವರ್ಷ, ಯಾವ ತಿಂಗಳು? ಅಜ್ಜಿ ಒಂದು ಹೇಳುತ್ತಾರೆ, ತಾತ ಇನ್ನೊಂದು, "ದೊಡ್ಡ ಬರಗಾಲದ ಮರುವರ್ಷ" ಎಂದು ದೊಡ್ಡಪ್ಪ ಮತ್ತೊಂದು. ಆಮೇಲೆ ಟ್ರಂಕು, ಬೀರು ಹುಡುಕಿ ಲಗ್ನಪತ್ರಿಕೆಯನ್ನೋ, ಫೋಟೋ ಹಿಂದೆ ಬರೆದ ದಿನಾಂಕವನ್ನೋ ತೆಗೆಯಲಿ. ಸಿಗದಿದ್ದರೆ ಪರವಾಗಿಲ್ಲ, ಸಿಗಲಿಲ್ಲ ಎಂದೇ ಬರೆಯಲಿ. ತಾತ ಒಪ್ಪಿದರೆ ಅವರ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಲಿ.

ಇದರಿಂದ ಮಕ್ಕಳಿಗೆ ತಿಳಿಯುವ ವಿಷಯ ದೊಡ್ಡದು. ತಾತ ಸುಳ್ಳು ಹೇಳಲಿಲ್ಲ. ಅವರ ನೆನಪು ಒಂದೆರಡು ವರ್ಷ ಜಾರಿತು, ಅಷ್ಟೆ. ತಮ್ಮ ಮದುವೆಯ ದಿನಾಂಕವೇ ಜಾರುವಾಗ, ತಾವು ಹುಟ್ಟುವ ಮೊದಲು ಲಾಹೋರ್‌ನಲ್ಲಿ ನಡೆದದ್ದರ ದಿನಾಂಕ ಯಾರಿಗೇ ಆದರೂ ಜಾರಬಹುದು. ಅದಕ್ಕೇ ಕಾಗದ ಬೇಕು.

ಎರಡನೇ ಪೀರಿಯಡ್: 1477ರ ಒಂದು ಪತ್ರ

ತಂಡಗಳು ತಮ್ಮ ಚೀಟಿಗಳ ಉತ್ತರ ಹೇಳಿ ಮುಗಿಸಿದ ಮೇಲೆ ಒಂದು ನಿಜವಾದ ಹಳೆಯ ದಾಖಲೆ ನೋಡೋಣ. ಇಂಗ್ಲೆಂಡಿನ ನಾರ್ಫಕ್ ಪ್ರಾಂತ್ಯದ ಮಾರ್ಜರಿ ಬ್ರೂಸ್ ಎಂಬ ಯುವತಿ 1477ರ ಫೆಬ್ರವರಿಯಲ್ಲಿ, ಮದುವೆ ಮಾತುಕತೆ ನಡೆಯುತ್ತಿದ್ದ ಜಾನ್ ಪ್ಯಾಸ್ಟನ್ ಎಂಬುವನಿಗೆ ಬರೆಸಿದ ಪತ್ರ ಇವತ್ತಿಗೂ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದರಲ್ಲಿ ಅವಳು ಅವನನ್ನು ತನ್ನ ವ್ಯಾಲೆಂಟೈನ್ ಎಂದು ಕರೆಯುತ್ತಾಳೆ. ಇಂಗ್ಲಿಷಿನಲ್ಲಿ ಉಳಿದಿರುವ ಅತಿ ಹಳೆಯ ವ್ಯಾಲೆಂಟೈನ್ ಪತ್ರ ಎಂದು ಅದಕ್ಕೆ ಹೆಸರು.

ಪತ್ರದಲ್ಲಿ ಹೂವು, ಚಂದ್ರ ಏನೂ ಇಲ್ಲ. ಇರುವುದು ವರದಕ್ಷಿಣೆಯ ಸಂಕಟ. ಗಂಡಿನ ಕಡೆಯವರು ಕೇಳಿದಷ್ಟು ಕೊಡಲು ಅಪ್ಪ ಒಪ್ಪುತ್ತಿಲ್ಲ, ಅಮ್ಮ ಎಷ್ಟು ಹೇಳಿದರೂ ಆಗುತ್ತಿಲ್ಲ. ನಿನಗೆ ನನ್ನ ಮೇಲೆ ಪ್ರೀತಿ ಇದ್ದರೆ ಈ ಕಾರಣಕ್ಕೆ ಕೈಬಿಡಬೇಡ ಎಂಬುದು ಅವಳ ಮಾತಿನ ಸಾರ. ಕೊನೆಗೆ ಅವರ ಮದುವೆ ಆಯಿತು.

ಮಕ್ಕಳು ಈ ಪತ್ರವನ್ನು ತಮ್ಮ ಊರಿನ ಕನ್ನಡದಲ್ಲಿ ವಾಟ್ಸಾಪ್ ಚಾಟ್ ಆಗಿ ಬರೆಯಲಿ. ಮಾರ್ಜರಿ ಏನು ಟೈಪ್ ಮಾಡುತ್ತಿದ್ದಳು? ಜಾನ್ ಏನು ಉತ್ತರ ಕೊಡಬೇಕಿತ್ತು? ಇಮೋಜಿ ಹಾಕಲು ಅಡ್ಡಿಯಿಲ್ಲ. ಕ್ಯಾನ್ವಾದಂಥ ಆ್ಯಪ್‌ನಲ್ಲಿ ಪೋಸ್ಟರ್ ಮಾಡಿದರೆ ಗೋಡೆಗೂ ಅಂಟಿಸಬಹುದು. ಬರೆದು ಮುಗಿದ ಮೇಲೆ ಕೇಳಿ: ನಮ್ಮಲ್ಲಿ ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದು 1961ರಲ್ಲಿ, ಹಾಗಿದ್ದೂ ಈ ಪತ್ರ ನಮಗೆ ಇಷ್ಟು ಪರಿಚಿತ ಅನಿಸುವುದೇಕೆ? ಆ ದಿನದ ಬಗ್ಗೆ ಗದ್ದಲ ಮಾಡುವ ಫಾರ್ವರ್ಡ್‌ಗಳು ಎತ್ತದ ಪ್ರಶ್ನೆಯನ್ನು 1477ರ ಒಂದು ಕಾಗದ ಎತ್ತುತ್ತದೆ.

ಎರಡು ಬಾಣದ ಗುರುತಿನ ಅರ್ಥ

ಮುಗಿಸುವ ಮೊದಲು ಫೋನಿನ ಒಂದು ಗುರುತು ತೋರಿಸಿ. ವಾಟ್ಸಾಪ್ ಸಂದೇಶದ ಮೇಲೆ ಎರಡು ಬಾಣ ಕಂಡರೆ, ಅದು ಕನಿಷ್ಠ ಐದು ಕೈ ದಾಟಿ ಬಂದಿದೆ ಎಂದರ್ಥ. ಅಂಥದ್ದನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಲು ಸಾಧ್ಯ. ಬಾಣ ಇದ್ದರೆ ಸುಳ್ಳು ಎಂದಲ್ಲ, ಇಲ್ಲದಿದ್ದರೆ ನಿಜ ಎಂದೂ ಅಲ್ಲ. ಕಾಪಿ ಮಾಡಿ ಪೇಸ್ಟ್ ಮಾಡಿದರೆ ಬಾಣವೇ ಮಾಯವಾಗುತ್ತದೆ. ಕಳಿಸಿದವರು ಬರೆದವರಲ್ಲ ಎಂಬುದನ್ನಷ್ಟೇ ಅದು ಹೇಳುತ್ತದೆ. ಚರ್ಚೆಗೆ ಮಕ್ಕಳು ಮನೆಯಿಂದ ಫಾರ್ವರ್ಡ್ ತಂದರೆ ಹೆಸರು, ನಂಬರ್ ಮುಚ್ಚಿ ತರಲು ಹೇಳಿ. ಯಾರ ಮನೆಯ ಮರ್ಯಾದೆಯೂ ತರಗತಿಯಲ್ಲಿ ಹೋಗಬಾರದು.

ಮನೆಯಲ್ಲಿ ಹೇಳುವುದು ಹೇಗೆ?

ಕಷ್ಟದ ಭಾಗ ಇದು. ಫ್ಯಾಮಿಲಿ ಗ್ರೂಪಿನಲ್ಲಿ ದೊಡ್ಡಪ್ಪ ಈ ಸಂದೇಶ ಹಾಕಿದ್ದಾರೆ. ಒಂಬತ್ತನೇ ತರಗತಿಯ ಹುಡುಗಿ ಎಲ್ಲರೆದುರು "ಇದು ಫೇಕ್" ಎಂದು ಬರೆದರೆ ದೊಡ್ಡಪ್ಪನಿಗೆ ದಿನಾಂಕ ನೆನಪಿರುವುದಿಲ್ಲ, ಅವಮಾನ ನೆನಪಿರುತ್ತದೆ. ಮುಂದಿನ ವರ್ಷ ಅದೇ ಸಂದೇಶ ಇನ್ನಷ್ಟು ಹಟದಿಂದ ಬರುತ್ತದೆ.

ದೊಡ್ಡಪ್ಪ ಅದನ್ನು ಕಳಿಸಿದ್ದು ಭಗತ್ ಸಿಂಗ್ ಮೇಲಿನ ಗೌರವದಿಂದ. ಆ ಗೌರವ ಸರಿಯಾಗಿಯೇ ಇದೆ, ದಿನ ಮಾತ್ರ ತಪ್ಪಿದೆ. ಅಲ್ಲಿಂದಲೇ ಮಾತು ಶುರುವಾಗಲಿ, ಅದೂ ಗ್ರೂಪಿನಲ್ಲಲ್ಲ, ಅವರೊಬ್ಬರಿಗೇ. ತರಗತಿಯ ಕೊನೆಯ ಐದು ನಿಮಿಷ ಮಕ್ಕಳು ಇಂಥ ಒಂದು ಸಂದೇಶ ತಾವೇ ಬರೆಯಲಿ. ಮಾದರಿಗೆ ಇದನ್ನು ಕೊಡಬಹುದು. ಓದುಗರು ಇದನ್ನೇ ಕಾಪಿ ಮಾಡಿ ಕಳಿಸಿದರೂ ನಮ್ಮ ಅಭ್ಯಂತರವಿಲ್ಲ:

"ದೊಡ್ಡಪ್ಪ, ನೀವು ಕಳಿಸಿದ ಭಗತ್ ಸಿಂಗ್ ಮೆಸೇಜ್ ನೋಡಿದೆ. ಸ್ಕೂಲಲ್ಲಿ ನಾವು 1931ರ ಪೇಪರ್‌ಗಳನ್ನು ಹುಡುಕಿದೆವು. ಅವರನ್ನು ಗಲ್ಲಿಗೆ ಹಾಕಿದ್ದು ಮಾರ್ಚ್ 23ಕ್ಕಂತೆ. ಫೆಬ್ರವರಿ 14ಕ್ಕೆ ಮಾಲವೀಯರು ಅವರನ್ನು ಉಳಿಸಿ ಅಂತ ವೈಸರಾಯ್‌ಗೆ ಕೇಳಿಕೊಂಡಿದ್ದರು. ಮಾರ್ಚ್ 23ಕ್ಕೆ ಗ್ರೂಪಲ್ಲಿ ನೀವೇ ಮೊದಲು ಹಾಕಿ ದೊಡ್ಡಪ್ಪ, ನಾನು ಫೋಟೋ ಹುಡುಕಿ ಕೊಡ್ತೀನಿ."

ಮಾರ್ಚ್ 23ರ ಹೊತ್ತಿಗೆ ನಮ್ಮ ಶಾಲೆಗಳಲ್ಲಿ ಪರೀಕ್ಷೆಯ ಗಡಿಬಿಡಿ ಇರುತ್ತದೆ. ದಾರದ ಮೇಲಿನ ಕಾಗದಗಳನ್ನು ಅಲ್ಲಿಯವರೆಗೂ ತೆಗೆಯದೆ ಹಾಗೇ ಬಿಡಿ.